ಆರೂವರೆ ಲೀಟರ್ ಪೆಟ್ರೋಲ್

ಹೊಳೆಯ ನಡುಗಡ್ಡೆಯ ಮೇಲೆ ಒಂದು ಆಶ್ರಮ. ಪೇಟೆಗೆ ಹೋಗಿಬರಲು ಇದ್ದದ್ದು ಒಂದೇ ಮೋಟಾರ್ ದೋಣಿ. ಅದರ ಕೀಲಿ ಗುರುಗಳ ಸೊಂಟದಲ್ಲಿ.

ಶಿಷ್ಯೆ ಕುಮುದಿನಿಗೆ ಆ ಕೀಲಿ ಬೇಕಾಗಿತ್ತು. ದೋಣಿ ನಡೆಸಲು ಕಲಿತಾಗಿತ್ತು. ಒಬ್ಬಳೇ ಹೋಗಲು ಅಪ್ಪಣೆ ಇರಲಿಲ್ಲ.

“ಪೇಟೆಗೆ ಹೋಗಿಬರಲು ಎಷ್ಟು ಪೆಟ್ರೋಲ್ ಬೇಕು? ಅಳೆದು ಹೇಳು,” ಎಂದರು ಗುರುಗಳು. “ಲೆಕ್ಕ ಸರಿಯಿದ್ದರೆ ಕೀಲಿ ನಿನ್ನದು.”

ಮಾರನೆಯ ದಿನ ಗುರುಗಳ ಜೊತೆ ಹೊರಡುವ ಮುಂಚೆ ಅವಳು ಟ್ಯಾಂಕನ್ನು ಕಂಠಮಟ್ಟ ತುಂಬಿದಳು. ಪೇಟೆಯ ಕಟ್ಟೆ ಮುಟ್ಟಿದ ಮೇಲೆ ಲೀಟರ್ ಮಗ್ಗಿನಿಂದ ಮತ್ತೆ ಕಂಠಮಟ್ಟ ತುಂಬಿದಳು. ಮೂರು ಮಗ್ಗು ಹಿಡಿಯಿತು. ಒಂದು ಹನಿ ಚೆಲ್ಲಲಿಲ್ಲ.

“ಹೋಗಲು ಮೂರು, ಬರಲು ಮೂರು. ಆರು ಲೀಟರ್, ಗುರುಗಳೇ.”

“ಹಾಗಾದರೆ ನಾಳೆ ಸಾಮಾನು ತರಲು ಅಷ್ಟೇ ಹಾಕಿಕೊಂಡು ಹೋಗೋಣ.”

ಬೆಳಿಗ್ಗೆ ಟ್ಯಾಂಕಿನಲ್ಲಿ ಉಳಿದಿದ್ದನ್ನೆಲ್ಲ ಬಸಿದು ಖಾಲಿ ಮಾಡಿ, ಅವಳು ಆರು ಮಗ್ಗು ಸುರಿದಳು. ಆಮೇಲೆ ಇನ್ನರ್ಧ.

“ಈ ಅರ್ಧ ಯಾಕೆ?”

“ನಿಮ್ಮ ಮೇಲಿನ ಗೌರವಕ್ಕೆ.”

“ಗೌರವ ಸ್ವಲ್ಪ ಕಡಿಮೆಯಾಯಿತೇನೋ,” ಎಂದು ಗುರುಗಳು ಅಂದಿನ ಮಟ್ಟಿಗೆ ಕೀಲಿಯನ್ನು ಅವಳ ಕೈಗಿಟ್ಟು ದೋಣಿ ಹತ್ತಿದರು.

ಅಡುಗೆಯ ಸೇಸಪ್ಪನೂ ಬಂದ. ಹಿಂಭಾಗದಲ್ಲಿ ಗೋಣಿತಾಟು ಹೊದಿಸಿದ್ದ ಯಾವುದೋ ಗಂಟಿನ ಮೇಲೆ ಕೂತ.

“ಹಲಗೆ ಮೇಲೆ ಕೂತ್ಕೊಳ್ಳಿ, ಸೇಸಪ್ಪಣ್ಣ.”

“ನನಗೆ ಇಲ್ಲೇ ಹಿತ, ತಂಗಿ.”

ದೋಣಿ ಹರಿವಿನ ಜೊತೆಗೆ ಹಗುರವಾಗಿ ಸಾಗಿತು. ಪೇಟೆಯಲ್ಲಿ ಅಕ್ಕಿ ಮೂಟೆ, ಬೆಲ್ಲ, ತೆಂಗಿನಕಾಯಿ ಏರಿಸಿಕೊಂಡು ಹಿಂದಿರುಗಿದರು.

ಆಶ್ರಮದ ಹೆಂಚು ಕಾಣುವಷ್ಟು ಹತ್ತಿರ ಬಂದಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಕುಮುದಿನಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಳು. ಅಲುಗಾಡಿಸಿ ನೋಡಿದಳು.

“ಮುಗಿಯಿತು. ಎಲ್ಲೋ ಸೋರಿರಬೇಕು.”

“ಸೋರಿಲ್ಲ,” ಎಂದ ಸೇಸಪ್ಪ. “ಸೋರಿದ್ದರೆ ಬೆಲ್ಲಕ್ಕೆ ವಾಸನೆ ಹೊಡೀತಿತ್ತು.”

“ದೋಣಿ ನಿಂತುಹೋಯಿತಲ್ಲ, ಗುರುಗಳೇ.”

“ನಿಂತಿಲ್ಲವಲ್ಲ. ದಡ ನೋಡು.”

ದಡದ ಹೊನ್ನೆಮರ ಮುಂದೆ ಮುಂದೆ ಹೋಗುತ್ತಿತ್ತು. ದೋಣಿ ತಾನಾಗಿ ಪೇಟೆಯ ಕಡೆಗೆ ಹಿಮ್ಮುಖವಾಗಿ ತೇಲುತ್ತಿತ್ತು.

“ಈಗ ಲೀಟರಿಗೆ ಎಷ್ಟು ದೂರ ಕೊಡುತ್ತಿದೆ?” ಎಂದು ಗುರುಗಳು ಕೇಳಿದರು.

ಸೇಸಪ್ಪ ನಕ್ಕ. ಕುಮುದಿನಿ ನಗಲಿಲ್ಲ. ಹೊನ್ನೆಮರವನ್ನೂ ನೀರನ್ನೂ ಬಹಳ ಹೊತ್ತು ನೋಡಿದಳು.

“ನಾನು ಅಳೆದದ್ದು ಹೋಗುವಾಗ ಮಾತ್ರ,” ಎಂದಳು. “ಆಗ ಹೊಳೆಯೂ ತಳ್ಳುತ್ತಿತ್ತು. ಅದರ ಕೆಲಸವನ್ನೂ ಎಂಜಿನ್ನಿನ ಲೆಕ್ಕಕ್ಕೇ ಸೇರಿಸಿಬಿಟ್ಟೆ. ಬರುವಾಗ ಅದು ಎದುರಾಳಿ. ಮೇಲೆ ಅಕ್ಕಿ ಮೂಟೆ.”

ಗುರುಗಳು ಹಿಂದೆ ತಿರುಗಿದರು. “ಸೇಸಪ್ಪ, ಇನ್ನು ಏಳಬಹುದು.”

ಸೇಸಪ್ಪ ಸೊಂಟ ಹಿಡಿದುಕೊಂಡು ಎದ್ದು ಗೋಣಿತಾಟು ಎಳೆದ. ಅಡಿಯಲ್ಲಿ ಪೆಟ್ರೋಲ್ ತುಂಬಿದ ಕ್ಯಾನು.

“ಬೆಳಗಿನಿಂದ ಇದರ ಮೇಲೆ ಕೂತಿದ್ದೀನಿ, ತಂಗಿ. ನೀನು ಇನ್ನೂ ಸ್ವಲ್ಪ ತಡಮಾಡಿದ್ದರೆ ನನ್ನನ್ನು ಮೂಟೆ ಜೊತೆಗೇ ಹೊತ್ತು ಇಳಿಸಬೇಕಾಗಿತ್ತು.”

ಆಶ್ರಮದ ಕಟ್ಟೆ ಮುಟ್ಟಿದಾಗ ಕುಮುದಿನಿ ತಲೆ ತಗ್ಗಿಸಿ ಕೀಲಿಯನ್ನು ಚಾಚಿದಳು. ಗುರುಗಳು ಕೈ ಮುಂದೆ ಮಾಡಲಿಲ್ಲ.

“ಮತ್ತೆ ಕೇಳುತ್ತೇನೆ. ಆರು ಲೀಟರಿಗೆ ಈ ದೋಣಿ ಎಷ್ಟು ದೂರ ಹೋಗುತ್ತದೆ?”

ಅವಳು ಬಾಯಿ ತೆರೆದಳು; ತಡೆದುಕೊಂಡಳು.

“ಯಾವ ಕಡೆಗೆ, ಗುರುಗಳೇ? ಎಷ್ಟು ಭಾರ ಹೊತ್ತು?”

ಕುಮುದಿನಿ ಬಗ್ಗಿ ಖಾಲಿ ಕ್ಯಾನನ್ನು ಎತ್ತಿಕೊಂಡು, ಉಗ್ರಾಣದ ಪೀಪಾಯಿಯಿಂದ ತುಂಬಿಸಿ ತಂದಳು. ಗೋಣಿತಾಟು ಹೊದಿಸದೆ, ತಾನು ಕೂರುವ ಜಾಗದ ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ ಇಟ್ಟು ಹಗ್ಗ ಬಿಗಿದಳು.

ಗುರುಗಳು ಕೀಲಿ ಅವಳ ಕೈಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಮೇಲಿನ ಮೆಟ್ಟಿಲಲ್ಲಿ ನಿಂತು ಹೇಳಿದರು:

“ಸೇಸಪ್ಪ, ನಾಳೆಯಿಂದ ನೀನು ಹಲಗೆ ಮೇಲೇ ಕೂತುಕೋ.”