ಮೌನಿಯ ಕೂಸು

ಹೊಳೆದಂಡೆಯ ಮಠದಲ್ಲಿ ಇದ್ದವರು ಇಬ್ಬರೇ: ಗುರು ಗುರುಪಾದಜ್ಜ, ಶಿಷ್ಯ ನೀಲಕಂಠ.

ಅಜ್ಜ ದೇಶಸಂಚಾರಕ್ಕೆ ಹೊರಟದ್ದೇ ತಡ, ಶಿಷ್ಯ ಮೌನವ್ರತ ಹಿಡಿದ. ಗುರು ಮರಳುವವರೆಗೆ ದನಿ ಹೊರಡಬಾರದು. ಜಪದಲ್ಲೂ ತುಟಿಯಷ್ಟೇ ಅಲ್ಲಾಡಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಅವನು ಸೆರಗಿಗೆ ಗಂಟು ಹಾಕಿಕೊಂಡಂತೆ ನಂಬಿದ್ದ.

ಕೆಲವೇ ದಿನಕ್ಕೆ ಯಾರೋ ಒಂದು ಹಸುಗೂಸನ್ನು ಮಠದ ಮೆಟ್ಟಿಲ ಮೇಲೆ ಬಿಟ್ಟುಹೋದರು.

ನೀಲಕಂಠ ಅದಕ್ಕೆ ಹಾಲುಣಿಸಿದ, ನೀರೆರೆದ, ತೊಟ್ಟಿಲು ಕಟ್ಟಿ ತೂಗಿದ. ಬಾಯಿ ಮಾತ್ರ ಬಿಡಲಿಲ್ಲ. ಬಟ್ಟೆ ಒಗೆಯಲು ಬಂದ ಹೆಂಗಸರು ಕೂಸನ್ನು ಮಾತಾಡಿಸಹೋದರೆ ಕೈಬೀಸಿ ಅಟ್ಟಿದ. ಮಾತಿನ ಮೈಲಿಗೆ ತಾಕದೆ ಬೆಳೆದ ಜೀವ ಯೋಗಿಯೇ ಆದೀತೆಂದು ಅವನ ಆಸೆ.

ಮೊದಮೊದಲು ಕೂಸು ಊಂ, ಆಂ ಎನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಅಂಬೆಗಾಲಿಡುವ ಹೊತ್ತಿಗೆ ಅವನೆದುರು ಕೂತು, ಅವನ ಬಾಯಿಯನ್ನೇ ನೋಡುತ್ತ, ತಾನೂ ತುಟಿ ಅಲ್ಲಾಡಿಸತೊಡಗಿತು. ದನಿಯಿಲ್ಲ. ನೀಲಕಂಠ ಹಿಗ್ಗಿ ಹೀರೇಕಾಯಿಯಾದ.

ಅಜ್ಜ ಮರಳಿದರು. ವ್ರತ ಮುಗಿದಿದ್ದರೂ ಶಿಷ್ಯ ಮಾತಾಡದೆ ಹೆಮ್ಮೆಯಿಂದ ಕೂಸಿನತ್ತ ಕೈ ತೋರಿದ.

ಅಷ್ಟರಲ್ಲಿ ಕೂಸು ಹೊಸ್ತಿಲಿಗೆ ಮುಗ್ಗರಿಸಿತು. ಹಣೆ ಬುಗುಟೆದ್ದಿತು. ಬಾಯಿ ಅಗಲವಾಗಿ ತೆರೆಯಿತು, ಮುಖ ಕೆಂಪೇರಿತು, ಕಣ್ಣೀರು ಸುರಿಯಿತು. ಸದ್ದು ಮಾತ್ರ ಬರಲಿಲ್ಲ.

ಅಜ್ಜ ದಡಬಡಿಸಿ ಕೂಸಿನ ಬಳಿ ಕೂತರು. ಕಂದಾ ಎಂದು ಕರೆದರು. ಅದು ತಿರುಗಲಿಲ್ಲ. ಶಿಷ್ಯನ ತುಟಿಗಳನ್ನೇ ನೋಡುತ್ತಿತ್ತು.

"ನನ್ನ ದನಿ ಅದಕ್ಕ ತಾಕವಲ್ದು. ನೀ ಕರಿ," ಎಂದರು ಅಜ್ಜ.

ನೀಲಕಂಠ ಬಾಯ್ತೆರೆದ. "ಕೂಸೇ..." ಎಂದ.

ಕೂಸು ಬೆಚ್ಚಿತು. ಸರಸರನೆ ಅವನ ಮಡಿಲು ಹತ್ತಿ, ಪುಟ್ಟ ಅಂಗೈಯಿಂದ ಅವನ ಬಾಯಿ ಮುಚ್ಚಿತು. ಜಪದ ಹೊತ್ತಿಗೆ ಅದು ಗುನುಗಿದಾಗಲೆಲ್ಲ ಅವನು ಮಾಡುತ್ತಿದ್ದದ್ದು ಇದನ್ನೇ.

ನೀಲಕಂಠನಿಗೆ ಭಯವಾಯಿತು. ಆ ಕೈಯನ್ನು ಮೆಲ್ಲಗೆ ಸರಿಸಿ ಕೇಳಿದ:

"ಅಜ್ಜಾರ, ಇದಕ್ಕ ಮಾತು ಬರ್ತೈತೇನ್ರಿ?"

"ನನಗೇನು ಗೊತ್ತು? ಅದು ನಿನ್ನ ಶಿಷ್ಯ. ಮಾತಾಡ್ಕೋತ ಇರು."

"ಎಲ್ಲೀತನಕ ಮಾತಾಡ್ಲಿ?"

"ಅದು ದನಿ ತಗದು ಅಳೂತನಕ."