ಹಮ್ಮಣ್ಣ ಕಾದ ದಿನ

ಶಿಷ್ಯ ಕೇಳಿದ: "ಗುರುಗಳೇ, ಹೃದಯದಿಂದ ಹೊರಡುವ ನನ್ನ ದೊಡ್ಡ ರಕ್ತನಾಳ ಉಬ್ಬಿದೆ. ಒಂದು ದಿನ ಅದು ಒಡೆಯಬಹುದು, ಒಡೆಯದೆಯೂ ಇರಬಹುದು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಉಳಿಯಬಹುದು, ಅದರಲ್ಲಿಯೇ ಹೋಗಲೂಬಹುದು. ಮನೆಯಲ್ಲಿ ತಂಗಿಯೊಬ್ಬಳಿದ್ದಾಳೆ, ಹೆದರುತ್ತಾಳೆ ಎಂದು ಅವಳಿಗೂ ಹೇಳಿಲ್ಲ. ಈಗಲೇ ಮಾಡಿಸಲೇ, ಕಾಯಲೇ? ಯಾವಾಗ ಎಂಬುದನ್ನು ಮನುಷ್ಯ ಹೇಗೆ ತಿಳಿಯಬೇಕು?"

ಗುರುಗಳು ಅವನಿಗೆ ಕೂರಲು ಹೇಳಿದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಉಪ್ಪಿನ ಆಗರಗಳಿದ್ದವು. ಅಲ್ಲಿ ಇಬ್ಬರು ಅಣ್ಣತಮ್ಮಂದಿರು ಉಪ್ಪು ಎಳೆದು, ಬುಟ್ಟಿ ಹೊತ್ತು ಬದುಕುತ್ತಿದ್ದರು. ತಮ್ಮನ ಹೆಸರು ಹಮ್ಮಣ್ಣ. ಅವನ ಹೆಂಡತಿ ಬೇಗ ತೀರಿಕೊಂಡಿದ್ದಳು. ಸುಗಂಧಿ ಎಂಬ ಒಬ್ಬಳೇ ಮಗಳಿದ್ದಳು. ಅಣ್ಣನಿಗೆ ಮಕ್ಕಳಿರಲಿಲ್ಲ. ಅಣ್ಣನ ಹೆಂಡತಿಯೇ ಆ ಹುಡುಗಿಯನ್ನು ಸಾಕಿದಳು.

ಒಂದು ಬೇಸಿಗೆಯಲ್ಲಿ ಅಣ್ಣ ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಳಿಸಿ, "ಬೆನ್ನು ಹರಿದ ಹಾಗಾಯಿತು" ಎಂದ. ಮತ್ತೆ ಮಾತಾಡಲಿಲ್ಲ. ಹಮ್ಮಣ್ಣ ಅವನನ್ನು ಹಿಡಿದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶವವನ್ನು ಪರೀಕ್ಷಿಸಿದ ವೈದ್ಯರು, "ದೊಡ್ಡ ನಾಳ ಒಡೆದಿದೆ. ಇದು ರಕ್ತಸಂಬಂಧದಲ್ಲಿ ಹರಿದು ಬರುವುದುಂಟು. ಒಡಹುಟ್ಟಿದವರು ತೋರಿಸಿಕೊಳ್ಳಲಿ" ಎಂದರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಹಮ್ಮಣ್ಣ ದೊಡ್ಡ ಊರಿನ ಆಸ್ಪತ್ರೆಗೆ ಹೋದ. ಮಗಳಿಗೆ, ಬಿಪಿ ನೋಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋದ. ಅಲ್ಲಿನ ವೈದ್ಯೆ ಸ್ಕ್ಯಾನ್ ಮಾಡಿಸಿದರು. ನಾಳ ನಲವತ್ತಾರು ಮಿಲಿಮೀಟರ್ ಇತ್ತು.

"ಈಗಲೇ ಕುಯ್ದು ಸರಿಮಾಡಿಬಿಡಿ ಅಮ್ಮಾ" ಎಂದ ಹಮ್ಮಣ್ಣ.

ವೈದ್ಯೆ ಬೇಡ ಎಂಬಂತೆ ತಲೆಯಾಡಿಸಿದರು. "ಎದೆಯನ್ನು ತೆರೆಯಬೇಕು. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ನೂರು ಜನ ಮಲಗಿದರೆ ಎರಡು ಮೂರು ಜನ ಏಳುವುದಿಲ್ಲ. ಈ ಹೊತ್ತಿಗೆ ನಿಮ್ಮ ನಾಳಕ್ಕಿಂತ ನಮ್ಮ ಕತ್ತಿಯೇ ಹೆಚ್ಚು ಅಪಾಯ. ಐವತ್ತು ಮುಟ್ಟಿದರೆ ಮಾತು ಬೇರೆ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬನ್ನಿ. ಮಾತ್ರೆ ತಪ್ಪಿಸಬೇಡಿ. ಭಾರ ಎತ್ತಬೇಡಿ. ಉಪ್ಪು ಕಡಿಮೆ ಮಾಡಿ."

ಆಮೇಲೆ ಕೇಳಿದರು: "ಮಕ್ಕಳಿದ್ದಾರೆಯೇ?"

"ಒಬ್ಬಳು ಮಗಳು."

"ಅವಳನ್ನೂ ಕರೆತನ್ನಿ."

ಹಮ್ಮಣ್ಣ ಆಗಲಿ ಎಂದ.

ಬಸ್ಸಿನಲ್ಲಿ ಬರುವಾಗ ಅವನು ಯೋಚಿಸಿದ. ಸುಗಂಧಿಗೆ ಹತ್ತೊಂಬತ್ತು. ಇನ್ನು ಎರಡು ಮೂರು ವರ್ಷಕ್ಕೆ ಗಂಡು ಬರುತ್ತದೆ. ದೊಡ್ಡಪ್ಪ ಸತ್ತದ್ದು ಹೀಗೆ, ಅಪ್ಪನಿಗೆ ಇರುವುದು ಹೀಗೆ ಎಂದು ತಿಳಿದರೆ ಯಾರು ಬಾಗಿಲಿಗೆ ಬರುತ್ತಾರೆ? ಪರೀಕ್ಷೆ ಮಾಡಿಸಿ ಅವಳಿಗೂ ಇದೆ ಎಂದಾದರೆ, ಆ ಹುಡುಗಿ ನಗುವುದಾದರೂ ಹೇಗೆ? ಇಲ್ಲದೆಯೂ ಇರಬಹುದು. ಇದ್ದರೂ ತನ್ನದರ ಹಾಗೆ ನಿಧಾನವಾಗಿ ಬೆಳೆಯಬಹುದು. ಮೊದಲು ತನ್ನದು ಮುಗಿಯಲಿ, ಆಮೇಲೆ ಅವಳದು ನೋಡೋಣ. ಊರು ಬರುವಷ್ಟರಲ್ಲಿ ಅವನು ಹೇಳಬಾರದು ಎಂದು ನಿಶ್ಚಯಿಸಿದ್ದ. ಅತ್ತಿಗೆಗೆ ಮಾತ್ರ ಹೇಳಿದ.

ಅವನು ಬುಟ್ಟಿ ಹೊರುವುದನ್ನು ಬಿಟ್ಟ. ಆಗರದ ತೂಬು ಕಾಯುವ ಕೆಲಸ ಹಿಡಿದ. ಬಾವಿಯಿಂದ ನೀರು ಸೇದಲಿಲ್ಲ. ಯಾರೊಡನೆಯೂ ಜಗಳಕ್ಕೆ ನಿಲ್ಲಲಿಲ್ಲ. ಜೊತೆಯವರು ಅವನನ್ನು ಮೈಗಳ್ಳ ಎಂದರು. ಬಲವಾಗಿ ಕೆಮ್ಮು ಬಂದರೆ ಹೆದರುತ್ತಿದ್ದ. ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿದರೂ, ಇದೇ ಆ ಹೊತ್ತು ಎಂದುಕೊಂಡು ಗೋಡೆ ಹಿಡಿದು ನಿಲ್ಲುತ್ತಿದ್ದ. ಸುಗಂಧಿ ಅವನಿಗೆಂದು ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಸಾರು ಮಾಡುತ್ತಿದ್ದಳು. "ಆಗರದವನ ಮನೆಯಲ್ಲಿ ಉಪ್ಪಿಗೆ ಬರ ಬಂತು" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಮರುವರ್ಷ ನಾಳ ನಲವತ್ತೇಳು ಇತ್ತು. ಅದರ ಮರುವರ್ಷವೂ ನಲವತ್ತೇಳೇ ಇತ್ತು. ಆ ದಿನ ಅವನು ಸಂತೋಷಕ್ಕೆ ಪೇಟೆಯಲ್ಲಿ ಮಗಳಿಗೆ ಒಂದು ಸೀರೆ ಕೊಂಡ. ಯಾಕೆ ಎಂದು ಅವಳು ಕೇಳಿದಳು. ಸುಮ್ಮನೆ ಎಂದ.

ನಾಲ್ಕನೆಯ ಸಲ ನಾಳ ನಲವತ್ತೊಂಬತ್ತಕ್ಕೆ ಬಂದಿತ್ತು. ಅದೇ ತಿಂಗಳು ಸುಗಂಧಿಗೆ ಸಂಬಂಧ ಕೂಡಿಬಂದಿತ್ತು. ಹುಡುಗ ದೋಣಿಯ ಎಂಜಿನ್ ರಿಪೇರಿ ಮಾಡುತ್ತ ದೋಣಿಯೊಡನೆ ಕಡಲಿಗೂ ಹೋಗುವವನು, ಮಾತು ಕಡಿಮೆ, ಒಳ್ಳೆಯವನು.

ವೈದ್ಯೆ ಕೇಳಿದರು: "ಮಗಳನ್ನು ಕರೆತರಲೇ ಇಲ್ಲವಲ್ಲ?"

"ನಮ್ಮ ಕಡೆಯ ಆಸ್ಪತ್ರೆಯಲ್ಲಿಯೇ ತೋರಿಸಿದೆ ಅಮ್ಮಾ. ಏನೂ ಇಲ್ಲವಂತೆ" ಎಂದ ಹಮ್ಮಣ್ಣ.

ವೈದ್ಯೆ ನಂಬಿದರು. ಕಾಗದದಲ್ಲಿ ಹಾಗೆಯೇ ಬರೆದುಕೊಂಡರು.

ಮನೆಗೆ ಬಂದಾಗ ಅತ್ತಿಗೆ ಅಂದಳು: "ಇನ್ನಾದರೂ ಹುಡುಗಿಗೆ ಹೇಳು."

"ಮದುವೆ ಆಗಲಿ" ಎಂದ.

ಮದುವೆ ಆಯಿತು. ಐದನೆಯ ಸಲ ನಾಳ ಐವತ್ತೊಂದು ಆಗಿತ್ತು. ವೈದ್ಯೆ, "ಇನ್ನು ಕಾಯುವುದು ಬೇಡ. ದಿನ ಗೊತ್ತುಮಾಡೋಣ" ಎಂದರು. ಸುಗಂಧಿಗೆ ಆಗ ಏಳು ತಿಂಗಳು. ಚೊಚ್ಚಲ ಬಸುರಿ ತವರಿಗೆ ಬಂದಿದ್ದಳು. ತಾನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸತ್ತರೆ ಬಾಣಂತಿಯ ಗತಿ ಏನು ಎಂದು ಹಮ್ಮಣ್ಣ ಚಿಂತಿಸಿದ. ಹೆರಿಗೆಯಾದ ಮೇಲೆ ಬರುತ್ತೇನೆ ಎಂದು ಬೇಡಿಕೊಂಡ. ವೈದ್ಯೆ ಒಲ್ಲದ ಮನಸ್ಸಿನಿಂದ ಒಪ್ಪಿ, ಎರಡು ತಿಂಗಳ ನಂತರದ ಒಂದು ದಿನ ಬರೆದುಕೊಟ್ಟರು. ಬಸುರಿನಲ್ಲಿ ಹೆಂಗಸಿನ ನಾಳಕ್ಕೂ ಭಾರ ಬೀಳುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದವರು ಅವನ ಸುಳ್ಳನ್ನು ನಂಬಿದ್ದರು.

ಆ ಎರಡು ತಿಂಗಳು ಹಮ್ಮಣ್ಣ ತನ್ನ ಎದೆಯನ್ನು ತುಂಬಿದ ಕೊಡದ ಹಾಗೆ ಹೊತ್ತು ನಡೆದ. ದೇವರಲ್ಲಿ ಅವನು ಬೇಡಿದ್ದು ಒಂದೇ. ಮಗಳ ಹೆರಿಗೆಯವರೆಗೆ ಇದು ಒಡೆಯದಿರಲಿ.

ಅದು ಒಡೆಯಲಿಲ್ಲ. ಹೆಣ್ಣುಮಗು ಹುಟ್ಟಿತು. ತಾಯಿಯೂ ಮಗುವೂ ಚೆನ್ನಾಗಿದ್ದಾರೆ ಎಂದು ಮೂರನೆಯ ದಿನ ಮನೆಗೆ ಕಳಿಸಿದರು.

ಆರನೆಯ ದಿನ ಮಧ್ಯಾಹ್ನ ಸುಗಂಧಿ ಮಗುವಿಗೆ ಹಾಲೂಡಿಸಲು ಎದ್ದು ಕುಳಿತಳು. ಮಗುವನ್ನು ಎತ್ತಿಕೊಳ್ಳಲಿಲ್ಲ. ಕೈ ಹಿಂದಕ್ಕೆ ಹೋಯಿತು.

"ಅಪ್ಪಾ, ಬೆನ್ನು ಹರಿದ ಹಾಗಾಗುತ್ತಿದೆ" ಎಂದಳು.

ಅತ್ತಿಗೆ ಹಮ್ಮಣ್ಣನ ಮುಖ ನೋಡಿದಳು. ಹಮ್ಮಣ್ಣ ಅತ್ತಿಗೆಯ ಮುಖ ನೋಡಿದ. ಬಾಣಂತಿಗೆ ವಾಯು ಹಿಡಿದಿರಬೇಕು, ಬಿಸಿನೀರು ಕೊಡಿ ಎಂದು ನೆರೆಯವರು ಹೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. ನಾಲ್ಕು ವರ್ಷ ಕೊಡಪಾನವನ್ನೂ ಎತ್ತದಿದ್ದವನು ಮಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಓಡಿದ.

ತಾಲೂಕಿನ ಆಸ್ಪತ್ರೆಯ ವೈದ್ಯರು ಎರಡೂ ತೋಳಿನ ರಕ್ತದೊತ್ತಡ ನೋಡಿದರು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಅವರು ತಲೆಯೆತ್ತಿ ಕೇಳಿದರು: "ಮನೆಯಲ್ಲಿ ಯಾರಿಗಾದರೂ ದೊಡ್ಡ ನಾಳದ ತೊಂದರೆ ಇತ್ತೇ?"

"ಅಣ್ಣ ಅದರಿಂದಲೇ ಹೋದ. ನನಗೂ ಇದೆ."

"ಇವರಿಗೆ ಗೊತ್ತಿತ್ತೇ?"

"ಇಲ್ಲ" ಎಂದ ಹಮ್ಮಣ್ಣ.

ಮಗಳು ಅಲ್ಲಿಯೇ ಮಲಗಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು. ದೊಡ್ಡ ಊರಿಗೆ ಒಯ್ಯಲು ಆಂಬುಲೆನ್ಸ್ ಹೊರಟಿತು. ಹಮ್ಮಣ್ಣ ಅವಳ ಪಕ್ಕದಲ್ಲಿ ಕುಳಿತ. ಅವಳು ಬೈಯಬಹುದು ಎಂದು ಕಾದ. ಬೈದರೆ ಚೆನ್ನ ಎಂದುಕೊಂಡ. ಬಹಳ ಹೊತ್ತಿನ ಮೇಲೆ ಅವಳು ಅವನ ಕೈಯನ್ನು ಹುಡುಕಿ ಹಿಡಿದಳು.

"ಇಷ್ಟು ವರ್ಷ ಒಬ್ಬನೇ ಹೆದರಿಕೊಂಡು ಇದ್ದೆಯಾ, ಅಪ್ಪಾ?" ಎಂದಳು.

ಹೊಳೆಯ ಸೇತುವೆ ದಾಟುವ ಮೊದಲೇ ಆ ಕೈ ಸಡಿಲವಾಯಿತು.

ಗುರುಗಳು ಕತೆ ಮುಂದುವರಿಸಿದರು.

ಅಳಿಯ ಬಂದಾಗ ಹಮ್ಮಣ್ಣ ನೆರೆದವರ ಮುಂದೆ ಎಲ್ಲವನ್ನೂ ಹೇಳಿದ. ವೈದ್ಯೆಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತ.

ಅಳಿಯ ಹೊಡೆಯಲಿಲ್ಲ. "ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ ಎಂದುಕೊಂಡಿರಿ. ನಾನು ಅವಳನ್ನೇ ಮದುವೆಯಾಗುತ್ತಿದ್ದೆ ಮಾವ. ಮಗು ಬೇಡ ಎನ್ನುತ್ತಿದ್ದೆ, ಅಷ್ಟೇ" ಎಂದ. ಹಾಗೆ ಹೇಳಿದವನು ಅತ್ತಿಗೆಯ ಮಡಿಲಿನಲ್ಲಿದ್ದ ಮಗುವನ್ನು ನೋಡಿದ. ತನ್ನ ಮಾತಿಗೆ ತಾನೇ ಬೆಚ್ಚಿ, ಅಂಗಳಕ್ಕೆ ಹೋಗಿ ಅತ್ತ.

ಶಸ್ತ್ರಚಿಕಿತ್ಸೆಗೆ ಬರೆದುಕೊಟ್ಟ ದಿನ ಬಂತು. ಹಮ್ಮಣ್ಣ ಹೋಗಲಿಲ್ಲ. ಮಾತ್ರೆಗಳನ್ನು ನಿಲ್ಲಿಸಿದ. ಆಗರಕ್ಕೆ ಹೋಗಿ ಮತ್ತೆ ಬುಟ್ಟಿ ಹೊರಲು ಹಿಡಿದ. ಎಲ್ಲರಿಗಿಂತ ಹೆಚ್ಚು ತುಂಬಿಸಿಕೊಂಡು, ಎಲ್ಲರಿಗಿಂತ ಬೇಗ ನಡೆದ. ನಾಲ್ಕು ವರ್ಷ ಯಾವುದಕ್ಕೆ ಹೆದರಿದ್ದನೋ ಅದನ್ನೇ ಈಗ ಕೂಗಿ ಕರೆದ. ಅದು ಬರಲಿಲ್ಲ. ಒಂದು ತಿಂಗಳು ಹೊತ್ತ. ಬರಲಿಲ್ಲ.

ಒಂದು ಬೆಳಗ್ಗೆ ಅತ್ತಿಗೆ ಮಗುವನ್ನು ಎತ್ತಿಕೊಂಡು ಆಗರದ ಬದುವಿನ ಮೇಲೆ ಬಂದು ನಿಂತಳು.

"ನೀನು ಸಾಯುವುದಾದರೆ ಸಾಯಿ. ನಾನು ತಡೆಯುವುದಿಲ್ಲ. ನೀನು ಬರಲಿಲ್ಲ ಎಂದು ಡಾಕ್ಟರಮ್ಮ ಫೋನ್ ಮಾಡಿದ್ದರು, ನಡೆದದ್ದನ್ನು ಹೇಳಿದೆ. ಈ ಕೂಸನ್ನೂ ತೋರಿಸಬೇಕು ಎಂದರು. ವರ್ಷ ವರ್ಷ ತೋರಿಸುತ್ತಿರಬೇಕಂತೆ. ಇದರ ಅಪ್ಪ ಕಡಲಿಗೆ ಹೋಗುವವನು. ನನಗೆ ಓದು ಬಾರದು, ದೊಡ್ಡ ಊರಿನ ದಾರಿ ತಿಳಿಯದು. ಕರೆದೊಯ್ಯುವವರು ಯಾರು ಎಂದು ಹೇಳಿ ಸಾಯಿ."

ಹಮ್ಮಣ್ಣ ಬುಟ್ಟಿ ಇಳಿಸಿದ.

ಆಸ್ಪತ್ರೆಯಲ್ಲಿ ವೈದ್ಯೆ ಅವನನ್ನು ಗದರಲಿಲ್ಲ. ನಾಳ ಐವತ್ತಮೂರು ಇತ್ತು. ಎದೆ ತೆರೆಯುವ ಹಿಂದಿನ ದಿನ ಅವನು ಒಂದು ಮಾತು ಕೇಳಿದ: "ಅಂದೇ ಅವಳನ್ನು ಕರೆತಂದಿದ್ದರೆ ಏನು ಮಾಡುತ್ತಿದ್ದಿರಿ ಅಮ್ಮಾ?"

ವೈದ್ಯೆ ಕಿಟಕಿಯ ಕಡೆ ನೋಡಿದರು. "ಅಳತೆ ತೆಗೆಯುತ್ತಿದ್ದೆವು. ಕಾಯುತ್ತಿದ್ದೆವು. ಬಸುರಿಗೆ ಮೊದಲೇ ಸರಿಮಾಡುತ್ತಿದ್ದೆವೋ ಏನೋ. ಉಳಿಯುತ್ತಿದ್ದಳು ಎಂದು ನಾನು ಆಣೆ ಇಡಲಾರೆ."

"ಉಳಿಯುತ್ತಿರಲಿಲ್ಲ ಎಂದಾದರೂ ಹೇಳಿ" ಎಂದ ಹಮ್ಮಣ್ಣ.

ವೈದ್ಯೆ ಹಾಗೆ ಹೇಳಲಿಲ್ಲ.

ಶಸ್ತ್ರಚಿಕಿತ್ಸೆ ನಡೆಯಿತು. ಹಮ್ಮಣ್ಣ ಎದ್ದ. ಒಡೆಯಬಹುದಾಗಿದ್ದ ನಾಳವನ್ನು ತೆಗೆದು, ಬಟ್ಟೆಯಿಂದ ನೇಯ್ದ ನಾಳವನ್ನು ಹೊಲಿದಿದ್ದರು. ಮೂರು ತಿಂಗಳಲ್ಲಿ ಅವನು ಮೊದಲಿನ ಹಾಗೆ ನಡೆದಾಡಿದ. ಬದುಕಿದ್ದಕ್ಕೆ ಅವನಿಗೆ ಸಂತೋಷವಾಗಲಿಲ್ಲ. ಆದರೆ ಮತ್ತೆ ಸಾವನ್ನು ಕರೆಯಲಿಲ್ಲ.

ಆಮೇಲೆ ಅವನು ತನ್ನ ಕುಲದವರ ಮನೆಮನೆಗೆ ಹೋದ. ಚಿಕ್ಕಪ್ಪನ ಮಕ್ಕಳು, ಅಜ್ಜನ ತಮ್ಮನ ಮೊಮ್ಮಕ್ಕಳು, ಗಡಿಯಾಚೆ ಹೋಗಿ ನೆಲಸಿದವರು, ಯಾರನ್ನೂ ಬಿಡಲಿಲ್ಲ. ಜಗುಲಿಯ ಮೇಲೆ ಕುಳಿತು, ಅಣ್ಣ ಸತ್ತದ್ದನ್ನೂ ಮಗಳು ಸತ್ತದ್ದನ್ನೂ ತನ್ನ ಸುಳ್ಳನ್ನೂ ಹೇಳಿ, ತೋರಿಸಿಕೊಳ್ಳಿ ಎಂದು ಕೈಮುಗಿಯುತ್ತಿದ್ದ. ಕೆಲವರು ನೀರು ಕೊಟ್ಟು ಕೇಳಿದರು. ಕೆಲವರು, ಮದುವೆಗೆ ಹೆಣ್ಣುಮಕ್ಕಳಿರುವ ಮನೆ ಇದು, ಮೆಲ್ಲಗೆ ಮಾತಾಡು ಎಂದರು. ಬಾಗಿಲು ಹಾಕಿಕೊಂಡವರೂ ಇದ್ದರು. ಅವನು ಮರುವರ್ಷ ಮತ್ತೆ ಹೋಗುತ್ತಿದ್ದ.

ದಾಯಾದಿಯೊಬ್ಬನ ಮಗಳಲ್ಲಿ ಅದೇ ಉಬ್ಬು ಸಿಕ್ಕಿತು. ಅವಳಿಗೆ ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆಯಾಯಿತು. ಅವಳು ಗುಣವಾಗಿ ಹಣ್ಣು ಹೂವು ಹಿಡಿದು ಹಮ್ಮಣ್ಣನ ಮನೆಗೆ ಬಂದಳು. ಸುಗಂಧಿಯದೇ ವಯಸ್ಸು. ಅವಳು ಕಾಲಿಗೆರಗಿದಾಗ ಅವನು ಹರಸಲು ಕೈಯೆತ್ತಿದ. ಅವಳ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.

ಮೊಮ್ಮಗಳನ್ನು ಅವನು ಒಂದು ವರ್ಷವೂ ತಪ್ಪಿಸದೆ ದೊಡ್ಡ ಊರಿಗೆ ಕರೆದೊಯ್ದ. ಅವಳಿಗೆ ತಿಳಿಯುವ ವಯಸ್ಸು ಬರುವ ಮೊದಲೇ, ತಿಳಿಯುವಷ್ಟು ಮಾತಿನಲ್ಲಿ ಎಲ್ಲವನ್ನೂ ಹೇಳಿದ. ಅವಳು ಹೆದರಿದಳು. ಹೆದರಿದಾಗ ಅವನ ಬಳಿ ಬಂದು ಕುಳಿತಳು. ಅವನೂ ಹೆದರುತ್ತಿದ್ದ. ಇಬ್ಬರೂ ಒಟ್ಟಿಗೆ ಕೂರುತ್ತಿದ್ದರು.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. "ದುಃಖದ ಕತೆ ಗುರುಗಳೇ. ಆದರೆ ನಾನು ಕೇಳಿದ್ದು ಯಾವಾಗ ಎಂದು. ಅದಕ್ಕೆ ಉತ್ತರ ಸಿಗಲಿಲ್ಲ."

ಗುರುಗಳು ಹೇಳಿದರು: "ಯಾವಾಗ ಎಂಬುದನ್ನು ನಿನಗೆ ವೈದ್ಯರು ಹೇಳುತ್ತಾರೆ, ನಿನ್ನ ತಂಗಿಗೆ ಯಾರು ಹೇಳುತ್ತಾರೆ?"