ಸಾರಿಸದ ದಂಡೆ

ಮುತ್ತಲಗಿಯಲ್ಲಿ ಹೊಳೆ ಬಡಗಣಕ್ಕೆ ತಿರುಗುವ ಕಡೆ ಎತ್ತರದ ಮಣ್ಣಿನ ದಂಡೆಯೊಂದಿದೆ. ಅದರ ಬುಡದಲ್ಲಿ ಕರಿಕಲ್ಲಿನ ಹಳೆಯ ಒಡ್ಡು, ಪಕ್ಕದಲ್ಲಿ ಅರ್ಧಕ್ಕೆ ನಿಂತ ಕಾಂಕ್ರೀಟ್ ಗೋಡೆ, ಗೋಡೆಯ ಮುಂದೆ ಸರ್ಕಾರದ ಫಲಕ. ಫಲಕದ ಮೇಲೆ 'ಎಡದಂಡೆ ಪ್ರವಾಹ ಸಂರಕ್ಷಣಾ ಕಾಮಗಾರಿ, ಎರಡನೇ ಹಂತ' ಎಂದು ಬರೆದಿದೆ. ಮೊದಲನೇ ಹಂತ ಎಲ್ಲಿ ಎಂದು ಕೇಳಿದವರಿಗೆ ಊರವರು ಹೊಳೆಯ ನಡುವಿಗೆ ಕೈ ತೋರಿಸುತ್ತಾರೆ. ಆ ಉದ್ದನೆಯ ಹೆಸರು ಫಲಕದಲ್ಲಷ್ಟೇ ಉಳಿದಿದೆ. ಬಸ್ಸಿನ ಕಂಡಕ್ಟರ್ ಕೂಡ ಕೂಗುವುದು 'ಸಾರಿಸದ ದಂಡೆ' ಎಂದೇ. ಹೆಸರು ಕೇಳಿದ ಪರವೂರಿನವರು ಇಲ್ಲಿನ ಹೆಂಗಸರು ಮೈಗಳ್ಳಿಯರಿರಬೇಕೆಂದು ನಗುತ್ತಾರೆ. ಕತೆ ಕೇಳಿದ ಮೇಲೆ ನಕ್ಕವರಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಸಣ್ಣದೊಂದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ದಂಡೆಯ ಅಂಚಿಗೆ ಹನ್ನೆರಡು ಮನೆಗಳಿದ್ದವಂತೆ. ಕೊನೆಯ ಮನೆ ಸಂಕವ್ವನದು. ಗಂಡ ಸತ್ತಿದ್ದ, ಒಬ್ಬಳೇ ಮಗಳು ನಿಂಬೆವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪ್ರತಿ ಮಳೆಗಾಲ ಹೊಳೆ ದಂಡೆಯನ್ನು ಒಂದೊಂದು ಮೊಳ ತಿನ್ನುತ್ತ ಬಂದು, ಆ ವರ್ಷ ಸಂಕವ್ವನ ಹಿತ್ತಿಲ ಗೋಡೆಯ ತನಕ ಕೈ ತೂರಿಸುವಷ್ಟು ಅಗಲದ ಬಿರುಕುಗಳು ಬಿಟ್ಟಿದ್ದವು. ಕಲ್ಲಿನ ಒಡ್ಡು ಕಟ್ಟಿಸಿಕೊಡಿ ಎಂದು ಊರು ಮೂರು ಸಲ ಅರಮನೆಗೆ ಅರಿಕೆ ಕಳಿಸಿತ್ತು. ಅರಮನೆಗಳಿಗೆ ಮೂರನೆಯ ಸಲಕ್ಕೇ ಕಿವಿ ಕೇಳುವುದು ಆಗಲೂ ಇತ್ತು. ಕಾರಭಾರಿ ತಿರುಮಲರಾಯರು ಖುದ್ದಾಗಿ ದಂಡೆ ನೋಡಲು ಬರುತ್ತಾರೆ, ಅವರು ನೋಡಿ ಒಪ್ಪಿದರೆ ಕಲ್ಲೂ ಸುಣ್ಣವೂ ಆಳುಗಳ ಕಾಳೂ ಸಂಸ್ಥಾನದ್ದೇ ಎಂದು ಬೇಸಗೆಯಲ್ಲಿ ಸುದ್ದಿ ಬಂತು.

ಅತಿಥಿ ಬರುವಾಗ ಅಂಗಳ ಸಾರಿಸದೆ ಇರುವುದು ಈ ಕಡೆ ಬಾಗಿಲು ಹಾಕಿಕೊಂಡಷ್ಟೇ ಅವಮಾನ. ಸಂಕವ್ವನ ಸಾರಣೆಯಂತೂ ಹೆಸರುವಾಸಿ. ಸುತ್ತಲ ಊರುಗಳ ಮದುವೆ ಹಂದರಕ್ಕೆ ಅವಳನ್ನೇ ಕರೆಯುತ್ತಿದ್ದರು. ಹನ್ನೆರಡೂ ಮನೆಯ ಹೆಂಗಸರನ್ನು ಕೂಡಿಸಿಕೊಂಡು ಅವಳು ಎರಡು ದಿನ ದುಡಿದಳು. ಬಿರುಕುಗಳಿಗೆ ಕೆಮ್ಮಣ್ಣು ಮೆತ್ತಿ, ಮೇಲೆ ಸೆಗಣಿ ಬಳಿದು, ದಂಡೆಯ ಉದ್ದಕ್ಕೂ ರಂಗೋಲಿ ಬಿಟ್ಟರು. ದೋಣಿಯಲ್ಲಿ ಕೂತಿದ್ದ ಅಂಬಿಗರ ಜಟ್ಟೆಪ್ಪ ಕೆಳಗಿನಿಂದ ಕೂಗಿದ: "ಯಕ್ಕಾ, ಗಾಯ ತೋರಸಾಕ ವೈದ್ಯನ್ನ ಕರದು, ಗಾಯದ ಮ್ಯಾಲೆ ಜರತಾರಿ ಸೀರಿ ಹೊಚ್ಚತೀರೇನ?"

"ನಿನ್ನ ದೋಣಿಗೂ ಒಂದ್ ಕೈ ಬಳೀಲೇನೋ ತಮ್ಮಾ? ಮೀನ ನೋಡಿ ಖುಷಿಯಾಗ್ತಾವು," ಎಂದಳು ಸಂಕವ್ವ. ಹೆಂಗಸರೆಲ್ಲ ನಕ್ಕರು. ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ.

ಕಾರಭಾರಿಗಳು ಪಲ್ಲಕ್ಕಿಯಿಂದಿಳಿದು ದಂಡೆಯ ಮೇಲೆ ಅತ್ತಿಂದಿತ್ತ ನಡೆದರು. ಕೆಟ್ಟ ಮನುಷ್ಯರಲ್ಲ, ರಂಗೋಲಿ ತುಳಿಯಬಾರದೆಂದು ಪಂಚೆ ಎತ್ತಿ ಹಿಡಿದು ಹುಷಾರಾಗಿ ಕಾಲಿಟ್ಟರು. "ಇಷ್ಟು ಗಟ್ಟಿ ದಂಡೆಗೆ ಒಡ್ಡು ಯಾಕ್ರೀ? ಆಚೆ ಊರಾಗ ನೆಲ ಬಾಯಿ ಬಿಟ್ಟದ. ಕಲ್ಲು ಅವರಿಗೆ ಹೋಗಲಿ," ಎಂದರು. ಸಂಕವ್ವ ಮುಂದೆ ಬಂದು, "ಒಳಗ ಬಿರುಕ ಅದಾವ್ರೀ ಧಣೀರ," ಎಂದಳು. "ಎಲ್ಲಿ, ತೋರಸವ್ವ," ಎಂದರು ಅವರು.

ತೋರಿಸಬೇಕಾದರೆ ರಂಗೋಲಿ ಕೆರೆಯಬೇಕು. ಅತಿಥಿಗೆಂದು ಹಾಕಿದ ರಂಗೋಲಿಯನ್ನು ಅವನು ಊರ ಸೀಮೆ ದಾಟುವ ಮೊದಲು ಅಳಿಸಿದರೆ ಅವನ ಸಾವು ಬಯಸಿದಂತೆ ಎಂಬುದು ಇಲ್ಲಿನ ನಂಬಿಕೆ. ಸಂಕವ್ವ ಬಗ್ಗಿದಳು. ಬೆರಳು ನೆಲದಿಂದ ಒಂದು ಗೇಣು ಮೇಲೆ ನಿಂತಿತು. ಕಾರಭಾರಿಗಳು ಕಾದರು, ಆಮೇಲೆ ನಕ್ಕು, "ಸಾರಿಸೋದು ಛಲೋ ಬರತದ ನಿನಗ," ಎಂದು ಪಲ್ಲಕ್ಕಿ ಹತ್ತಿದರು. ಅವರು ಸೀಮೆಗಲ್ಲು ದಾಟುವುದನ್ನೇ ಕಾದು ನಿಂತಿದ್ದ ಸಂಕವ್ವ ಎರಡೂ ಕೈಯಿಂದ ನೆಲ ಕೆದರಿ, ಬಿರುಕು ಬಯಲು ಮಾಡಿ, ಕೂಗುತ್ತ ಹಿಂದೆ ಓಡಿದಳು. ಪಲ್ಲಕ್ಕಿ ಹೊತ್ತ ಬೋಯಿಗಳ ಹೆಜ್ಜೆ ಅವಳಿಗಿಂತ ಬಿರುಸಾಗಿತ್ತು.

ಶ್ರಾವಣದಲ್ಲಿ ನಿಂಬೆವ್ವ ಹೆಣ್ಣುಮಗು ಹೆತ್ತಳು. ಐದನೆಯ ದಿನ ಬೆಳಿಗ್ಗೆ ಹೊಳೆ ಕೆಂಪಗೆ ಉಕ್ಕಿ ಬಂತು. ಹಸಿ ಬಾಣಂತಿಯನ್ನು ನಡೆಸುವಂತಿರಲಿಲ್ಲ. ಮಂಚದ ಸಮೇತ ಹೊತ್ತು ಒಯ್ಯೋಣವೆಂದು ಸಂಕವ್ವ ಜಟ್ಟೆಪ್ಪನನ್ನು ಕರೆಯಲು ಹೋದಳು. ಇಬ್ಬರೂ ತಿರುಗಿ ಬರುವಾಗ ಹನ್ನೊಂದು ಮನೆಗಳಿದ್ದವು. ಹನ್ನೆರಡನೆಯದರ ಜಾಗದಲ್ಲಿ ನೀರು ಸುತ್ತುತ್ತಿತ್ತು. ಜಟ್ಟೆಪ್ಪ ದೋಣಿ ಬಿಚ್ಚಿ ಸಂಜೆಯವರೆಗೆ ಹುಡುಕಿದ. ಸಿಕ್ಕಿದ್ದು ತೊಟ್ಟಿಲಿನ ಹಗ್ಗ ಮಾತ್ರ ಎನ್ನುತ್ತಾರೆ. ಸಾರಣೆಯ ದಿನ ಆಡಿದ ತಮಾಷೆಯನ್ನು ಅವನು ಜೀವ ಇರುವ ತನಕ ನೆನೆಸಲಿಲ್ಲ, ಬೇರೆಯವರಿಗೂ ನೆನೆಸಗೊಡಲಿಲ್ಲ.

ಮರುಬೇಸಗೆಗೆ ಅದೇ ಕಾರಭಾರಿಗಳು ಬಂದರು. ಹೆಂಗಸರು ಅಭ್ಯಾಸಬಲದಿಂದ ಸೆಗಣಿ ಬುಟ್ಟಿ ತಂದಾಗ ಸಂಕವ್ವ ಅಡ್ಡ ನಿಂತಳು. "ಹಂಗ ಇರಲಿ. ಕಣ್ಣಿಗೆ ಬೀಳಲಿ." ಬಿರಿದ ನೆಲದ ಮೇಲೆ ನಿಂತ ಕಾರಭಾರಿಗಳು ಅತ್ತಿತ್ತ ನೋಡಿ, "ಇಲ್ಲಿ ಚಂದಾಗಿ ಸಾರಿಸಿದ ಒಂದು ಅಂಗಳ ಇತ್ತಲ್ಲ?" ಎಂದು ಕೇಳಿದರು.

"ಇತ್ರಿ," ಎಂದಳು ಸಂಕವ್ವ.

ಆ ವರ್ಷವೇ ಒಡ್ಡು ಎದ್ದಿತು. ಸಂಕವ್ವ ಇನ್ನೂ ಬಹಳ ವರ್ಷ ಬದುಕಿದಳು. ಯಾರ ಮದುವೆಗೂ ಸಾರಿಸಲು ಹೋಗಲಿಲ್ಲ.

ಇಂದಿಗೂ ಊರೊಳಗಿನ ಅಂಗಳಗಳು ಕನ್ನಡಿಯ ಹಾಗಿದ್ದರೂ ಹೊಳೆಯ ಕಡೆಯ ನೆಲಕ್ಕೆ ಯಾರೂ ಸೆಗಣಿ ನೀರು ತಾಗಿಸುವುದಿಲ್ಲ. ಹೋದ ವರ್ಷ ಗೋಡೆಯ ಅನುದಾನಕ್ಕೆಂದು ಜಿಲ್ಲೆಯಿಂದ ಅಧಿಕಾರಿಗಳು ಬಂದಾಗ ಹೊಸ ಸೊಸೆಯೊಬ್ಬಳು ತಿಳಿಯದೆ ರಂಗೋಲಿ ಬಟ್ಟಲು ಹಿಡಿದು ಹೊರಟಳಂತೆ. ನಾಲ್ಕು ಮನೆಯ ಅತ್ತೆಯರು ಒಟ್ಟಿಗೆ ಓಡಿ ಬಂದು ಅವಳ ಕೈ ಹಿಡಿದರು. ಧೂಳಿಗೆ ಮೂಗು ಮುಚ್ಚಿಕೊಂಡ ಸಾಹೇಬರು, "ಇಲ್ಲಿ ಕಸ ಹೊಡೆಯೋರು ಯಾರೂ ಇಲ್ವಾ?" ಎಂದು ಕೇಳಿದರು.

"ಅದೀವ್ರೀ ಸಾಹೇಬ್ರ," ಎಂದಳು ಆ ಹೆಂಗಸರಲ್ಲಿ ಹಿರಿಯಳು. "ಮೊದಲ ಇಲ್ಲಿ ಬಗ್ಗಿ, ಈ ಬಿರುಕಿನ್ಯಾಗ ಕೈ ಹಾಕಿ ನೋಡ್ರಿ."